ಸೀಸದ ಮೊಳೆ, ಅರಿಶಿನದ ಬೇರು

ಸರಕಾರಿ ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದವನಿಗೆ ಇಂಗ್ಲಿಷಿನ ‘ಶಲ್’ ಮತ್ತು ‘ಮೇ’ಗಳ ನಡುವಿನ ದೂರ ಚೆನ್ನಾಗಿ ಗೊತ್ತಿರುತ್ತದೆ. ನಿಯಮದಲ್ಲಿ ‘ಶಲ್’ ಎಂದಿದ್ದರೆ ಮಾಡಲೇಬೇಕು. ‘ಮೇ’ ಎಂದಿದ್ದರೆ ಮಾಡಬಹುದು, ಮಾಡದೆಯೂ ಇರಬಹುದು. ಮಾಡದೆ ಬಿಟ್ಟದ್ದಕ್ಕೆ ಯಾರೂ ವಿವರಣೆ ಕೇಳುವುದಿಲ್ಲ. ನಮ್ಮ ‘ಬಹುದು’ ಕೂಡ ಅಂಥದೇ ಜಾತಿಯದು. ‘ಒಳಗೆ ಬರಬಹುದು’ ಎಂದಾಗ ಅದು ಅಪ್ಪಣೆ. ‘ಸಂಜೆ ಮಳೆ ಬರಬಹುದು’ ಎಂದಾಗ ಬರಿಯ ಊಹೆ. ಕಳೆದ ಮಳೆಗಾಲದಿಂದೀಚೆಗೆ ನಾನು ಓದಿದ ಹತ್ತಾರು ವೈದ್ಯಕೀಯ ಲೇಖನಗಳ ಕೊನೆಯ ವಾಕ್ಯವೆಲ್ಲ ಈ ಒಂದು ಶಬ್ದದ ಮೇಲೆಯೇ ನಿಂತಿತ್ತು: ಇಂಥ ಗಿಡದ ಇಂಥ ಸಾರವು ಭಾರಲೋಹಗಳ ವಿಷದಿಂದ ಯಕೃತ್ತನ್ನು, ಮೂತ್ರಪಿಂಡವನ್ನು, ಮಿದುಳನ್ನು ಕಾಪಾಡಬಹುದು. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದವನು ಇಲಿಗಳ ಮೂತ್ರಪಿಂಡದ ಬಗ್ಗೆ ಯಾಕೆ ಓದಬೇಕಾಯಿತು ಎಂಬುದಕ್ಕೆ ಕಾರಣ ನನ್ನ ದೊಡ್ಡಪ್ಪ.

ದೊಡ್ಡಪ್ಪನಿಗೆ ಈಗ ಎಪ್ಪತ್ತೊಂಬತ್ತು. ಉಡುಪಿಯ ಕಡೆಯಿಂದ ಹದಿನಾಲ್ಕನೆಯ ವಯಸ್ಸಿನಲ್ಲಿ ಮುಂಬೈಗೆ ಬಂದವರು. ಹಗಲು ಕೋಟೆಯ, ಎಂದರೆ ಫೋರ್ಟಿನ, ಹೋಟೆಲೊಂದರಲ್ಲಿ ಲೋಟ ತೊಳೆದು ಸಂಜೆ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ಕೂತು ಕಲಿತವರು. ಆ ತಲೆಮಾರಿನ ಮುಂಬೈ ಕನ್ನಡಿಗರ ಕತೆ ಹೆಚ್ಚುಕಡಿಮೆ ಹೀಗೆಯೇ ಶುರುವಾಗುತ್ತದೆ, ಓದುಗರಿಗೆ ಹೊಸದಲ್ಲ. ಆದರೆ ಶಾಲೆಯಲ್ಲಿ ಅಕ್ಷರ ದುಂಡಗೆ ಬಂದ ಕಾರಣಕ್ಕೆ ಮೇಷ್ಟರೊಬ್ಬರು ಅವರನ್ನು ಅಚ್ಚುಕೂಟಕ್ಕೆ ಸೇರಿಸಿದರು. 1966ರಿಂದ ಇಪ್ಪತ್ತಾರು ವರ್ಷ ದೊಡ್ಡಪ್ಪ ಕಂಪೋಸಿಟರ್ ಆಗಿದ್ದರು. ಈ ಊರಿನಲ್ಲಿ ಅಚ್ಚಾದ ಎಷ್ಟೋ ಕನ್ನಡ ಪುಸ್ತಕ, ಸಂಘಗಳ ಸ್ಮರಣ ಸಂಚಿಕೆ, ಯಕ್ಷಗಾನದ ಕರಪತ್ರ, ಮದುವೆಯ ಕರೆಯೋಲೆಗಳು ಅವರ ಎಡಗೈಯ ಸ್ಟಿಕ್ಕಿನಲ್ಲಿ ಮೊದಲು ಸಾಲಾಗಿ ನಿಂತವು.

ಕಂಪೋಸಿಟರ್ ಕೆಲಸವನ್ನು ಕಣ್ಣಾರೆ ಕಂಡವರು ಇಂದು ಕಡಿಮೆ. ಇಳಿಜಾರಿನ ಮೇಜಿನ ಮೇಲೆ ಗೂಡುಗೂಡಾದ ಕೇಸುಗಳು. ರೋಮನ್ ಲಿಪಿಗೆ ಎರಡು ಕೇಸು ಸಾಕಾದರೆ ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ, ಅರ್ಕಾವತ್ತು ಎಂದು ಗೂಡುಗಳು ಮೈಚಾಚಿಕೊಳ್ಳುತ್ತಿದ್ದವು. ಒಂದೊಂದು ಮೊಳೆಯನ್ನೂ ಬೆರಳಿನಲ್ಲಿ ಹೆಕ್ಕಿ, ತಲೆಕೆಳಗಾಗಿ ಜೋಡಿಸಿ, ಬಲದಿಂದ ಎಡಕ್ಕೆ ಕಾಣುವ ಅಕ್ಷರವನ್ನು ಎಡದಿಂದ ಬಲಕ್ಕೆ ಓದಬೇಕು. ಅಚ್ಚಾದ ಮೇಲೆ ಮತ್ತೆ ಎಲ್ಲವನ್ನೂ ಬಿಡಿಸಿ ಅದರದರ ಗೂಡಿಗೆ ಹಾಕಬೇಕು. ಮೊಳೆಯೆಂದರೆ ಸೀಸ, ಆಂಟಿಮನಿ, ತವರಗಳ ಮಿಶ್ರಲೋಹ. ಅದರಲ್ಲಿ ಹೆಚ್ಚಿನ ಪಾಲು ಸೀಸದ್ದೇ. ಕೇಸಿನ ತಳದಲ್ಲಿ ಕೂತ ಕಪ್ಪು ಧೂಳನ್ನು ಹುಡುಗರು ಊದಿ ತೆಗೆಯುತ್ತಿದ್ದರಂತೆ. ಸವೆದ ಮೊಳೆಯನ್ನು ಹಿತ್ತಲಿನ ಒಲೆಯ ಮೇಲೆ ಕರಗಿಸುತ್ತಿದ್ದರಂತೆ. ಕೆಲಸದ ನಡುವೆ ಚಹಾ, ಬೀಡಿ, ಬಟಾಟೆವಡೆ ಎಲ್ಲವೂ ಅದೇ ಕೈಯಲ್ಲಿ.

ಸೀಸ ಒಳ್ಳೆಯದಲ್ಲ ಎಂದು ಅವರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಸಂಜೆ ನಾಲ್ಕಕ್ಕೆ ಮಾಲೀಕರು ಎಲ್ಲರಿಗೂ ಒಂದೊಂದು ಅಚ್ಚು ಬೆಲ್ಲ ಕೊಡುತ್ತಿದ್ದರು. ಬೆಲ್ಲ ತಿಂದರೆ ಸೀಸ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎಂಬ ನಂಬಿಕೆ. ಮನೆಯಲ್ಲಿ ದೊಡ್ಡಮ್ಮ ರಾತ್ರಿ ಹಾಲಿಗೆ ಅರಿಶಿನ ಹಾಕಿ ಕೊಡುತ್ತಿದ್ದರು. ವಾರಕ್ಕೆರಡು ಸಲ ಒಂದೆಲಗದ ತಂಬುಳಿ. ಒಂದು ಉದ್ಯಮದ ಸುರಕ್ಷತಾ ವ್ಯವಸ್ಥೆಯೆಲ್ಲ ಒಂದು ಅಚ್ಚು ಬೆಲ್ಲ ಮತ್ತು ಒಬ್ಬ ಹೆಂಗಸಿನ ಅಡುಗೆಮನೆ. ಕೈಗವಸು, ಗಾಳಿಯಾಡುವ ಕಿಟಕಿ, ವರ್ಷಕ್ಕೊಂದು ರಕ್ತಪರೀಕ್ಷೆ ಇವಕ್ಕಿಂತ ಬೆಲ್ಲ ಅಗ್ಗ ಎಂಬುದನ್ನು ಇಲ್ಲಿ ಹೇಳದಿರಲಾರೆ. ಆದರೆ ದೊಡ್ಡಪ್ಪ ಆ ಬೆಲ್ಲವನ್ನು ಇಂದಿಗೂ ಕೃತಜ್ಞತೆಯಿಂದಲೇ ನೆನೆಯುತ್ತಾರೆ.

ಕಳೆದ ಜೂನ್ ತಿಂಗಳಲ್ಲಿ ಅವರ ಕಾಲು ಊದಿಕೊಂಡಿತು. ಡೊಂಬಿವಲಿಯ ಡಾಕ್ಟರು ರಕ್ತ ಪರೀಕ್ಷಿಸಿ, ಕ್ರಿಯಾಟಿನಿನ್ ಏರಿದೆ, ಮೂತ್ರಪಿಂಡಗಳ ಕೆಲಸ ಅರ್ಧಕ್ಕಿಂತ ಕೆಳಗಿಳಿದಿದೆ ಎಂದರು. ರಕ್ತದೊತ್ತಡ ಮೂವತ್ತು ವರ್ಷದಿಂದ ಇತ್ತು. ಕಾಲಿನ ಹೆಬ್ಬೆರಳ ಗೌಟ್ ನೋವು ಅದಕ್ಕೂ ಹಳೆಯದು. ಥಾಣೆಯ ಮೂತ್ರಪಿಂಡ ತಜ್ಞರು ‘ಹಿಂದೆ ಏನು ಕೆಲಸ ಮಾಡುತ್ತಿದ್ದಿರಿ?’ ಎಂದು ಕೇಳಿದರು. ಆ ಪ್ರಶ್ನೆ ಕೇಳಿದ ಮೊದಲ ವೈದ್ಯರು ಅವರೇ. ಉತ್ತರ ಕೇಳಿ ಸ್ವಲ್ಪ ಹೊತ್ತು ಬರೆಯುವುದನ್ನು ನಿಲ್ಲಿಸಿದರು. ಸೀಸ, ರಕ್ತದೊತ್ತಡ, ಗೌಟ್, ಮೂತ್ರಪಿಂಡ ಇವು ನಾಲ್ಕೂ ಒಂದೇ ಮನೆಯಲ್ಲಿ ಕಾಣಿಸಿಕೊಳ್ಳುವುದು ವೈದ್ಯಶಾಸ್ತ್ರಕ್ಕೆ ಹಳೆಯ ಸಂಗತಿ. ‘ಇದೂ ಕಾರಣವಿರಬಹುದು’ ಎಂದರು. ರಕ್ತದಲ್ಲಿನ ಸೀಸದ ಪರೀಕ್ಷೆಗೆ ಬರೆದುಕೊಟ್ಟರು. ಫಲಿತಾಂಶ ಡೆಸಿಲೀಟರಿಗೆ 9 ಮೈಕ್ರೊಗ್ರಾಂ. ಗಾಬರಿಪಡುವಷ್ಟೂ ಅಲ್ಲ, ಮರೆಯುವಷ್ಟೂ ಅಲ್ಲ.

ವಾರದೊಳಗೆ ಶಾರ್ಜಾದಲ್ಲಿರುವ ದೊಡ್ಡಪ್ಪನ ಮಗಳು ಒಂದು ಬಾಟಲಿ ಕಳಿಸಿದಳು. ಅರಿಶಿನ, ನೆಲ್ಲಿ, ನುಗ್ಗೆ, ಪುನರ್ನವ, ಜೊತೆಗೆ ಪಶ್ಚಿಮದವರ ಮಿಲ್ಕ್ ಥಿಸಲ್ ಎಂಬ ಮುಳ್ಳುಗಿಡ – ಐದರ ಸಾರವಿರುವ ಕ್ಯಾಪ್ಸೂಲುಗಳು. ಹೊರಗೆ ಹಸಿರೆಲೆಯ ಚಿತ್ರ. ‘ಭಾರಲೋಹಗಳಿಂದ ಲಿವರ್ ಮತ್ತು ಕಿಡ್ನಿಗಳನ್ನು ರಕ್ಷಿಸಲು ನೆರವಾಗಬಹುದು’ ಎಂಬರ್ಥದ ಇಂಗ್ಲಿಷ್ ಸಾಲು. ಅಕ್ಕ ಫೋನಿನಲ್ಲಿ ಹೇಳಿದಳು: “ನೀನು ಓದಿದವ. ಒಂದು ಸಲ ನೋಡಿ ಹೌದೋ ಅಲ್ಲವೋ ಹೇಳು. ನೀನು ಹೇಳಿದ ಮೇಲೆಯೇ ಅಪ್ಪ ತಗೊಳ್ಳುವುದಂತೆ.” ಮನೆಯಲ್ಲಿ ಇಂಗ್ಲಿಷ್ ಓದಿದವನಿಗೆ ವಿಮೆಯ ಫಾರಂನಿಂದ ಹಿಡಿದು ವಿಷದ ವಿಚಾರದ ತನಕ ಎಲ್ಲವೂ ಬರುತ್ತದೆ. ಹಾಗೆ ಓದತೊಡಗಿದೆ. ಬೆಳಗಿನ ಲೋಕಲ್ಲಿನಲ್ಲಿ ಡೊಂಬಿವಲಿಯಿಂದ ಸಿ.ಎಸ್.ಎಂ.ಟಿ.ವರೆಗೆ, ಕೂರಲು ಜಾಗ ಸಿಕ್ಕ ದಿನಗಳಲ್ಲಿ.

ಸೀಸ ದೇಹದಲ್ಲಿ ಕಳ್ಳನಂತೆ ಬರುವುದಿಲ್ಲ, ನೆಂಟನ ವೇಷದಲ್ಲಿ ಬರುತ್ತದೆ. ಕ್ಯಾಲ್ಸಿಯಂ ಕೂರಬೇಕಾದ ಜಾಗದಲ್ಲಿ ಕೂರುತ್ತದೆ, ಸತುವಿನ ಜಾಗವನ್ನೂ ಹಿಡಿಯುತ್ತದೆ. ರಕ್ತದ ಹೀಮ್ ತಯಾರಿಸುವ ಒಂದು ಕಿಣ್ವ ಸತುವಿನ ಆಧಾರದಿಂದ ಕೆಲಸ ಮಾಡುತ್ತದೆ. ಸೀಸ ಬಂದರೆ ಅದು ಸ್ತಬ್ಧವಾಗುತ್ತದೆ. ಪ್ರೊಟೀನುಗಳಲ್ಲಿನ ಗಂಧಕದ ಕೊಂಡಿಗಳನ್ನು ಕಂಡರೆ ಸೀಸಕ್ಕೆ, ಪಾದರಸಕ್ಕೆ, ಕ್ಯಾಡ್ಮಿಯಂಗೆ ಒಂದು ಮೋಹ. ಜೀವಕೋಶ ತನ್ನ ರಕ್ಷಣೆಗಾಗಿ ಇಟ್ಟುಕೊಂಡಿರುವ ಗ್ಲುಟಥಯೋನ್ ಎಂಬ ಗಂಧಕಯುಕ್ತ ಅಣುವನ್ನು ಅವು ಖಾಲಿ ಮಾಡುತ್ತವೆ. ಆಮೇಲೆ ಆಕ್ಸಿಡೀಕರಣದ ಹಾನಿ, ಎಂದರೆ ಕೋಶಗಳಿಗೆ ಒಳಗಿನಿಂದಲೇ ತುಕ್ಕು ಹಿಡಿದಂತೆ. ಶೋಧಿಸುವ ಮತ್ತು ಕಸ ಸಾಗಿಸುವ ಅಂಗಗಳಾದ್ದರಿಂದ ಮೂತ್ರಪಿಂಡ ಮತ್ತು ಯಕೃತ್ತುಗಳಿಗೆ ಮೊದಲ ಏಟು.

ಸಸ್ಯಗಳ ಸಾರ ಬರುವುದು ಇಲ್ಲಿ. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್, ಬೆಳ್ಳುಳ್ಳಿಯ ಗಂಧಕದ ಅಣುಗಳು, ಈರುಳ್ಳಿಯ ಕ್ವೆರ್ಸೆಟಿನ್, ಮಿಲ್ಕ್ ಥಿಸಲ್‌ನ ಸಿಲಿಮರಿನ್ – ಇವುಗಳಲ್ಲಿ ಕೆಲವು ಲೋಹವನ್ನು ತಾವೇ ಹಿಡಿದುಕೊಳ್ಳಬಲ್ಲವು. ಹೆಚ್ಚಿನವು ಕೋಶದ ರಕ್ಷಣಾ ವ್ಯವಸ್ಥೆಯನ್ನು ಎಚ್ಚರಿಸಿ ಗ್ಲುಟಥಯೋನ್ ಮತ್ತೆ ತಯಾರಾಗುವಂತೆ ಮಾಡಬಲ್ಲವು. ಪ್ರಯೋಗಗಳ ವಿನ್ಯಾಸ ಬಹುತೇಕ ಒಂದೇ. ಇಲಿಗಳನ್ನು ಗುಂಪುಗಳಾಗಿ ಮಾಡುತ್ತಾರೆ. ಒಂದಕ್ಕೆ ಬರಿಯ ನೀರು, ಒಂದಕ್ಕೆ ಸೀಸದ ಅಸಿಟೇಟ್ ಬೆರೆಸಿದ ನೀರು, ಮತ್ತೊಂದಕ್ಕೆ ಸೀಸ ಮತ್ತು ಸಸ್ಯಸಾರ ಎರಡೂ. ಕೆಲವು ವಾರಗಳ ನಂತರ ಅಂಗಗಳನ್ನು ತೆಗೆದು ನೋಡುತ್ತಾರೆ. ಮೂರನೆಯ ಗುಂಪಿನ ಇಲಿಗಳ ಮೂತ್ರಪಿಂಡ ಎರಡನೆಯದಕ್ಕಿಂತ ಮೇಲಾಗಿರುತ್ತದೆ. ಇದು ಒಂದೆರಡು ಪ್ರಯೋಗಾಲಯಗಳ ಮಾತಲ್ಲ. ಭಾರತ, ಈಜಿಪ್ಟ್, ಚೀನ, ಇರಾನ್, ಟರ್ಕಿಗಳಿಂದ ಬಂದ ವರದಿಗಳ ರಾಶಿಯೇ ಇದೆ. ಆದ್ದರಿಂದ ದೊಡ್ಡಮ್ಮನ ಅರಿಶಿನದ ಹಾಲನ್ನು ಅಜ್ಜಿಮದ್ದೆಂದು ತಳ್ಳಿಹಾಕುವವರ ಸಾಲಿಗೆ ನಾನು ಸೇರಲಾರೆ. ಅದರೊಳಗೆ ಏನೋ ಇದೆ.

ಆದರೆ ಆ ‘ಏನೋ’ ಎಷ್ಟಿದೆ ಎಂಬಲ್ಲಿ ನನ್ನ ಕಡತದ ಬುದ್ಧಿ ಎಚ್ಚರಗೊಂಡಿತು. ಇಲಿಗಳಿಗೆ ಕೊಡುವ ಕರ್ಕ್ಯುಮಿನ್ ಸಾಮಾನ್ಯವಾಗಿ ಕಿಲೋ ತೂಕಕ್ಕೆ 100ರಿಂದ 200 ಮಿಲಿಗ್ರಾಂ. ಅಡುಗೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರ ಆಸುಪಾಸು. ಸಾರಿಗೆ ಹಾಕುವ ಚಿಟಿಕೆಯಲ್ಲಿ ಎಷ್ಟಿದ್ದೀತು, ನೀವೇ ಲೆಕ್ಕ ಹಾಕಿ. ಅದೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಕರುಳು ಮತ್ತು ಯಕೃತ್ತು ಅದನ್ನು ಬೇಗನೆ ಮಾರ್ಪಡಿಸಿ ಹೊರಗೆ ಹಾಕುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧವಿಜ್ಞಾನ ವಿಭಾಗದಿಂದ 1998ರಲ್ಲಿ ಬಂದ ಪ್ರಸಿದ್ಧ ಅಧ್ಯಯನವೊಂದಿದೆ. ಸ್ವಯಂಸೇವಕರಿಗೆ ಎರಡು ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಅದು ಕಂಡೂ ಕಾಣದಷ್ಟು. ಜೊತೆಗೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಶೇ. 2000ದಷ್ಟು ಏರಿಕೆ. ಅರಿಶಿನದ ಹಾಲಿಗೆ ಮೆಣಸು ಕುಟ್ಟಿ ಹಾಕುವ ದೊಡ್ಡಮ್ಮನಿಗೆ ಇದನ್ನು ಹೇಳಿದಾಗ ಅವರು ಆಶ್ಚರ್ಯವನ್ನೇನೂ ತೋರಿಸಲಿಲ್ಲ. “ಮೆಣಸಿಲ್ಲದೆ ಅದು ಇಳಿಯುವುದೇ ಇಲ್ಲ” ಎಂದರು, ಗಂಟಲಿನಿಂದ ಎಂಬರ್ಥದಲ್ಲಿ.

ಮನುಷ್ಯರ ಮೇಲಿನ ಪ್ರಯೋಗಗಳು ಇಲ್ಲವೆಂದಲ್ಲ, ವಿರಳ. ಇರಾನಿನ ಮಶ್ಹದ್‌ನಲ್ಲಿ ಕಾರಿನ ಬ್ಯಾಟರಿ ಕಾರ್ಖಾನೆಯ 117 ಕೆಲಸಗಾರರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೆಳ್ಳುಳ್ಳಿಯ ಮಾತ್ರೆ, ಇನ್ನೊಂದಕ್ಕೆ ಡಿ-ಪೆನಿಸಿಲಮೀನ್ ಎಂಬ ಲೋಹನಿವಾರಕ ಔಷಧಿಯನ್ನು ನಾಲ್ಕು ವಾರ ಕೊಟ್ಟರು. 2012ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಎರಡೂ ಗುಂಪುಗಳಲ್ಲಿ ರಕ್ತದ ಸೀಸ ಇಳಿಯಿತು. ಬೆಳ್ಳುಳ್ಳಿ ಔಷಧಿಗೆ ಸರಿಸಮನಾಗಿ ನಿಂತಿತು. ಪಶ್ಚಿಮ ಬಂಗಾಳದ ಆರ್ಸೆನಿಕ್ ಪೀಡಿತ ಊರುಗಳಲ್ಲಿ ಜನರಿಗೆ ಮೂರು ತಿಂಗಳು ಕರ್ಕ್ಯುಮಿನ್ ಕೊಟ್ಟು ಅವರ ಡಿ.ಎನ್.ಎ. ಹಾನಿ ಕಡಿಮೆಯಾದುದನ್ನು ತೋರಿಸಿದ ಕೆಲಸವೂ ಇದೆ. ಇವನ್ನು ಓದಿದ ರಾತ್ರಿ ನಾನು ಬಾಟಲಿಯ ಪರವಾಗಿಯೇ ಇದ್ದೆ. ಬ್ಯಾಟರಿ ಕಾರ್ಖಾನೆಯವನಿಗೂ ಕಂಪೋಸಿಟರನಿಗೂ ಅದೇ ಲೋಹ ತಾನೆ?

ಲೋಹ ಅದೇ, ಕಾಲ ಬೇರೆ. ಮಶ್ಹದ್‌ನ ಕೆಲಸಗಾರರ ರಕ್ತದಲ್ಲಿ ಸೀಸ ಅಂದಿನದು, ಹೊಸತು. ರಕ್ತದಲ್ಲಿ ಸೀಸ ಸುಮಾರು ಒಂದು ತಿಂಗಳಿನಲ್ಲಿ ಅರ್ಧವಾಗುತ್ತದೆ. ಉಳಿದದ್ದು ಎಲುಬಿಗೆ ಹೋಗಿ ಕ್ಯಾಲ್ಸಿಯಂನ ಸಾಲಿನಲ್ಲಿ ಕೂರುತ್ತದೆ. ಅಲ್ಲಿ ಅರ್ಧವಾಗಲು ದಶಕಗಳೇ ಬೇಕು. ವಯಸ್ಸಾಗಿ ಎಲುಬು ಸವೆಯುವಾಗ ಅದು ಸ್ವಲ್ಪಸ್ವಲ್ಪವಾಗಿ ಮತ್ತೆ ರಕ್ತಕ್ಕೆ ಇಳಿಯುತ್ತದೆ. ಅಚ್ಚುಕೂಟ ಬಿಟ್ಟು ಮೂವತ್ತಕ್ಕೂ ಹೆಚ್ಚು ವರ್ಷವಾದ ಮನುಷ್ಯನ ರಕ್ತದಲ್ಲಿ 9 ಮೈಕ್ರೊಗ್ರಾಂ ಎಲ್ಲಿಂದ ಬಂತು ಎಂಬುದಕ್ಕೆ ಒಂದು ಉತ್ತರ ಇದಾಗಿರಬಹುದು. ಇಲಿಗಳ ಪ್ರಯೋಗಗಳಲ್ಲಿ ಸಸ್ಯಸಾರವನ್ನು ಸಾಮಾನ್ಯವಾಗಿ ವಿಷದ ಜೊತೆಜೊತೆಗೇ ಅಥವಾ ಅದಕ್ಕೂ ಮೊದಲು ಕೊಡುತ್ತಾರೆ. ಕೊಡೆ ಮಳೆ ಬರುವಾಗ ಬೇಕು. ಅರ್ಧ ಶತಮಾನದ ಹಿಂದೆ ಒಳಗೆ ಸೇರಿ ಮೂಳೆಯಲ್ಲಿ ನೆಲೆಯಾದ ಲೋಹವನ್ನು ಈ ಕ್ಯಾಪ್ಸೂಲು ಹೊರಗೆಳೆಯುತ್ತದೆ ಎನ್ನುವ ಒಂದು ವಾಕ್ಯವೂ ನಾನು ಓದಿದವುಗಳಲ್ಲಿ ಇರಲಿಲ್ಲ.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡಿತು. ನಾವು ಗಿಡವೆಂದರೆ ಸೌಮ್ಯವೆಂದುಕೊಳ್ಳುತ್ತೇವೆ. ಮಧ್ಯರೈಲ್ವೆಯ ಹಳಿಗಳ ಬದಿಯಲ್ಲಿ ವರ್ಷಗಟ್ಟಲೆ ಪಾಲಕ್, ಕೆಂಪು ಹರಿವೆ, ಮೂಲಂಗಿ, ಬೆಂಡೆ ಬೆಳೆದದ್ದನ್ನು ಮುಂಬೈಯವರೆಲ್ಲ ಕಿಟಕಿಯಿಂದ ಕಂಡಿದ್ದೇವೆ. ‘ಹೆಚ್ಚು ಆಹಾರ ಬೆಳೆಯಿರಿ’ ಯೋಜನೆಯಡಿ ರೈಲ್ವೆ ತನ್ನ ಖಾಲಿ ಜಾಗವನ್ನು ಕೊಟ್ಟಿತ್ತು. ನೀರು ಮಾತ್ರ ಪಕ್ಕದ ನಾಲೆಯದು. ಮಣ್ಣಿನಲ್ಲಿ ಕ್ಯಾಡ್ಮಿಯಂ ಇದ್ದರೆ ಸೊಪ್ಪು ಅದನ್ನು ಹೀರಿಕೊಳ್ಳುತ್ತದೆ, ಆದರೂ ಹಸಿರಾಗಿ ನಳನಳಿಸುತ್ತದೆ. ಹೇಗೆ? 1985ರಲ್ಲಿ ಮ್ಯೂನಿಕ್‌ನ ವಿಜ್ಞಾನಿಗಳು ಗಿಡಗಳೊಳಗೆ ಫೈಟೊಕೀಲಟಿನ್ ಎಂಬ ಅಣುಗಳನ್ನು ಗುರುತಿಸಿದರು. ಗಿಡ ಗ್ಲುಟಥಯೋನ್‌ನ ತುಣುಕುಗಳನ್ನು ಪೋಣಿಸಿ ಈ ಸರಪಣಿಯನ್ನು ಮಾಡಿಕೊಂಡು, ಲೋಹವನ್ನು ಅದರಿಂದ ಬಿಗಿದು, ಕೋಶದ ಮೂಲೆಯ ಚೀಲದಲ್ಲಿ ಕೂಡಿಹಾಕುತ್ತದೆ. ಭಾರಲೋಹದಿಂದ ರಕ್ಷಿಸುವ ಸಸ್ಯದ ಅಣು ಎಂದರೆ ಮೊದಲಿಗೆ ಇದೇ. ಆದರೆ ಅದು ರಕ್ಷಿಸುವುದು ಗಿಡವನ್ನು. ಆ ಚೀಲ ಸಮೇತ ಎಲೆಯನ್ನು ತಿನ್ನುವವರು ನಾವು.

ಅರಿಶಿನದ ಕತೆ ಇನ್ನೂ ಕಹಿ. ಬಾಂಗ್ಲಾದೇಶದಲ್ಲಿ ಗರ್ಭಿಣಿಯರ ರಕ್ತದಲ್ಲಿ ಸೀಸ ಏಕಿದೆ ಎಂದು ಹುಡುಕುತ್ತ ಹೋದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆನ್ನಾ ಫೋರ್ಸಿತ್ ಮತ್ತು ಸಂಗಡಿಗರು ಕೊನೆಗೆ ಬಂದು ನಿಂತದ್ದು ಅರಿಶಿನದ ಗಿರಣಿಗಳ ಮುಂದೆ. ಬೇರಿಗೆ ಹೊಳಪು ಕೊಡಲು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಬಳಿಯುತ್ತಿದ್ದರು. 2019ರಲ್ಲಿ ಇದು ಪ್ರಕಟವಾದ ಮೇಲೆ ಅಲ್ಲಿನ ಸರಕಾರ ದಾಳಿ, ದಂಡ, ಪ್ರಚಾರಗಳಿಂದ ಹಿಡಿತ ಬಿಗಿಗೊಳಿಸಿತು. ಮಾರುಕಟ್ಟೆಯ ಮಾದರಿಗಳಲ್ಲಿ ಶೇ. 47ರಲ್ಲಿದ್ದ ಕಲಬೆರಕೆ 2021ರ ಹೊತ್ತಿಗೆ ಸೊನ್ನೆಗೆ ಇಳಿಯಿತು. ಒಂದು ಸರಕಾರ ಮನಸ್ಸು ಮಾಡಿದರೆ ಎರಡು ವರ್ಷ ಸಾಕು ಎಂಬುದನ್ನು ಸರಕಾರಿ ನೌಕರನಾಗಿ ಎರಡೆರಡು ಸಲ ಓದಿದೆ. 2024ರ ಅವರದೇ ಇನ್ನೊಂದು ವರದಿ ನಮ್ಮ ಕಡೆಯದು: ದಕ್ಷಿಣ ಏಷ್ಯಾದ 23 ನಗರಗಳ ಮಾದರಿಗಳಲ್ಲಿ ಪಾಟ್ನಾ, ಗುವಾಹಟಿ, ಚೆನ್ನೈಗಳಲ್ಲಿಯೂ ಸೀಸ ಸಿಕ್ಕಿತು. ನಮ್ಮ ಆಹಾರ ನಿಯಮ ಅರಿಶಿನದಲ್ಲಿ ಗ್ರಾಂಗೆ 10 ಮೈಕ್ರೊಗ್ರಾಂ ಸೀಸವನ್ನಷ್ಟೇ ಸಹಿಸುತ್ತದೆ. ಪಾಟ್ನಾದ ಒಂದು ಮಾದರಿಯಲ್ಲಿ 2,000ಕ್ಕೂ ಹೆಚ್ಚಿತ್ತು. ಸೀಸದಿಂದ ಕಾಪಾಡಬೇಕಾದ ಬೇರು ಸೀಸವನ್ನೇ ಮೈಗೆ ಬಳಿದುಕೊಂಡು ಬಂದರೆ ಮನೆಯ ಹೆಂಗಸು ಯಾವ ಕಣ್ಣಿನಿಂದ ಗುರುತಿಸಬೇಕು? ಮಂಕಾದ ಬೇರಿಗಿಂತ ಹೊಳೆಯುವ ಬೇರನ್ನೇ ಆರಿಸಲು ನಾವೆಲ್ಲ ಕಲಿತಿದ್ದೇವಲ್ಲ.

ಔಷಧಿಗಳ ವಿಚಾರದಲ್ಲೂ ಇದೇ ತೊಡಕು. ಇಂಟರ್‌ನೆಟ್ ಮೂಲಕ ಮಾರಾಟವಾಗುವ 193 ಆಯುರ್ವೇದ ಉತ್ಪನ್ನಗಳನ್ನು ತರಿಸಿ ಪರೀಕ್ಷಿಸಿದ ಬೋಸ್ಟನ್ನಿನ ವೈದ್ಯರು 2008ರಲ್ಲಿ ಪ್ರಕಟಿಸಿದಂತೆ, ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ರಸಶಾಸ್ತ್ರದ ಪರಂಪರೆ ಲೋಹವನ್ನು ಶೋಧನೆ, ಮಾರಣಗಳಿಂದ ಭಸ್ಮವಾಗಿಸಿ ಔಷಧಿಯಾಗಿ ಬಳಸುತ್ತದೆ ಎಂಬುದು ನಿಜ. ಆ ವಾದವನ್ನು ನಾನು ಗೌರವದಿಂದಲೇ ಕೇಳಬಲ್ಲೆ. ಆದರೆ ಮೂತ್ರಪಿಂಡ ಸೋಲುತ್ತಿರುವ ಎಪ್ಪತ್ತೊಂಬತ್ತರ ಮುದುಕನನ್ನು ಅದರ ಪರೀಕ್ಷಾರಂಗ ಮಾಡಲಾರೆ. ಲೋಹವಿಲ್ಲದ ಶುದ್ಧ ಗಿಡವೇ ಆದರೂ ನಿರ್ಭಯವಲ್ಲ. ನಮ್ಮೂರಿನಲ್ಲಿ ಹಾವಿನ ವಿಷಕ್ಕೆಂದು ಹಿತ್ತಲಲ್ಲಿ ಬೆಳೆಸುವ ಈಶ್ವರಬಳ್ಳಿಯ ಕುಲದಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಅದೇ ಕುಲದ ಚೀನೀ ಬೇರೊಂದು ತೂಕ ಇಳಿಸುವ ಮದ್ದಿನಲ್ಲಿ ಸೇರಿದ್ದರಿಂದ ಬ್ರಸೆಲ್ಸ್‌ನ ಹೆಂಗಸರು ಒಬ್ಬರ ಹಿಂದೊಬ್ಬರಂತೆ ಮೂತ್ರಪಿಂಡ ಕಳೆದುಕೊಂಡದ್ದು 1990ರ ದಶಕದ ಆರಂಭದ ಸುದ್ದಿ. ದೊಡ್ಡಪ್ಪನಿಗೆ ಪ್ರಾಣವಾದ ದಾರೆಹುಳಿ, ನಕ್ಷತ್ರದಾಕಾರದ ಆ ಹಣ್ಣು, ಆರೋಗ್ಯವಂತನಿಗೆ ಬರಿಯ ಹುಳಿ. ಮೂತ್ರಪಿಂಡ ಸೋತವನ ಮಿದುಳಿಗೆ ವಿಷ. ಸಾಂದ್ರಗೊಳಿಸಿದ ಅರಿಶಿನದ ಕ್ಯಾಪ್ಸೂಲುಗಳಿಂದ ಯಕೃತ್ತಿಗೇ ಪೆಟ್ಟು ಬಿದ್ದ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ. ಹೀರಿಕೆಯನ್ನು ಹೆಚ್ಚಿಸುವ ಕರಿಮೆಣಸಿನ ಸಾರದ ಮೇಲೂ ಅಲ್ಲಿ ಸಂಶಯ ಹೋಗಿದೆ.

ಹಾಗಾದರೆ ಸೀಸದಿಂದ ಯಾರನ್ನಾದರೂ ನಿಜವಾಗಿ ಕಾಪಾಡಿದ್ದು ಯಾವುದು? ಇದಕ್ಕೆ ಉತ್ತರ ಮುಂಬೈಯಲ್ಲಿಯೇ ಇದೆ, ಅಂಕಿಗಳ ಸಮೇತ. 1997ರಲ್ಲಿ ಜಾರ್ಜ್ ಫೌಂಡೇಶನ್ ಈ ಊರಿನ ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ ಶೇ. 61.8ರಷ್ಟು ಮಕ್ಕಳಲ್ಲಿ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿತ್ತು. ನೂರಕ್ಕೆ ಅರುವತ್ತೆರಡು ಮಕ್ಕಳು! ಅವರು ಅಚ್ಚುಕೂಟದಲ್ಲಿ ದುಡಿದವರಲ್ಲ, ಈ ಊರಿನ ಗಾಳಿ ಕುಡಿದವರು. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ, ಹೌದು, ಮೆಣಸು-ಅರಿಶಿನದ ಅಧ್ಯಯನ ನಡೆದ ಅದೇ ಸಂಸ್ಥೆಯಲ್ಲಿ, ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿರುದ್ಧ ವರ್ಷಗಟ್ಟಲೆ ದನಿಯೆತ್ತಿದರು. 2000ದ ಫೆಬ್ರವರಿ 1ರಿಂದ ದೇಶದಲ್ಲಿ ಸೀಸರಹಿತ ಪೆಟ್ರೋಲು ಕಡ್ಡಾಯವಾಯಿತು. ಆಮೇಲೆ ಮುಂಬೈಯ 754 ಮಕ್ಕಳನ್ನು ಪರೀಕ್ಷಿಸಿದವರ ವರದಿ 2006ರಲ್ಲಿ ಬಂತು: ಆ ಮಿತಿ ದಾಟಿದವರು ಶೇ. 33.2. ಒಂದು ‘ಶಲ್’ನ ಕೆಲಸ ಅದು. ಯಾವ ತಾಯಿಯೂ ಅದಕ್ಕಾಗಿ ರಾತ್ರಿ ಹಾಲು ಕಾಯಿಸಬೇಕಾಗಲಿಲ್ಲ. ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ 2017ರ ನವೆಂಬರಿನಲ್ಲಿ ಜಾರಿಗೆ ಬಂತು. ಉಳಿದ ಮೂರನೆಯ ಒಂದು ಪಾಲು ಮಕ್ಕಳಿಗೆ ಅದು ತಡ, ಆದರೆ ಬಂತು. ದೊಡ್ಡಪ್ಪನ ವೃತ್ತಿಯಿಂದ ಸೀಸ ಹೋದದ್ದು ಮಾತ್ರ ಯಾವ ನಿಯಮದಿಂದಲೂ ಅಲ್ಲ. ಆಫ್‌ಸೆಟ್ ಬಂತು, ಕಂಪ್ಯೂಟರ್ ಬಂತು, ಮೊಳೆಗಳನ್ನು ತೂಕಕ್ಕೆ ಹಾಕಿ ಗುಜರಿಯವನಿಗೆ ಮಾರಿದರು. ಸೀಸದ ಜೊತೆಗೆ ಕೆಲಸವೂ ಹೋಯಿತು. 1992ರ ದೀಪಾವಳಿಗೆ ಅವರ ಕೈಯಲ್ಲಿ ಒಂದು ಗೋಡೆಗಡಿಯಾರವಿತ್ತು, ಸಂಬಳವಿರಲಿಲ್ಲ.

ಅಕ್ಕನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳುವುದು ಸುಲಭವಾಗಲಿಲ್ಲ. ಅರ್ಧ ಕೇಳಿ ಅವಳಿಗೆ ಸಿಟ್ಟು ಬಂತು. “ಹಾಗಾದರೆ ಏನೂ ಮಾಡದೆ ಕೂರುವುದಾ? ನೀನು ಹತ್ತಿರ ಇದ್ದೀ, ಕಾಣ್ತೀ. ನಾನು ಇಲ್ಲಿಂದ ಇನ್ನೇನು ಕಳಿಸಲಿ?” ಎಂದಳು. ಆಗ ನನಗೆ ಆ ಬಾಟಲಿಯಲ್ಲಿ ಇದ್ದದ್ದು ಐದಲ್ಲ, ಆರು ಸಾರ ಎಂದು ಅರ್ಥವಾಯಿತು. ಔಷಧಿ ಮಾರುವವರಿಗೆ ಅದು ನಮಗಿಂತ ಮೊದಲೇ ಗೊತ್ತು. ಅವರು ‘ಬಹುದು’ ಎಂದು ಊಹೆ ಬರೆಯುತ್ತಾರೆ. ದೂರದಲ್ಲಿರುವ ಮಗಳು ಅದನ್ನು ಅಪ್ಪಣೆಯಾಗಿ ಓದಿಕೊಳ್ಳುತ್ತಾಳೆ.

ಮಾಡಲು ಕೆಲಸವೇನೋ ಬೇಕಾದಷ್ಟಿತ್ತು. ಬಾಟಲಿಯನ್ನು ತಜ್ಞರಿಗೆ ತೋರಿಸಿದೆವು; ಅವರು ಬೇಡವೆಂದರು, ಬೈಯಲಿಲ್ಲ. ಸೀಸ ತೆಗೆಯುವ ಇಂಜೆಕ್ಷನ್‌ಗಳಿವೆ, ಈ ವಯಸ್ಸಿಗೆ, ಈ ಪ್ರಮಾಣಕ್ಕೆ ಸದ್ಯ ಅದರ ಅಗತ್ಯ ಕಾಣುವುದಿಲ್ಲ ಎಂದರು. ಬದಲಿಗೆ ದೊಡ್ಡಪ್ಪನ ದಿಂಬಿನ ಕೆಳಗೆ ಇರುತ್ತಿದ್ದ ಮಂಡಿನೋವಿನ ಮಾತ್ರೆಗಳನ್ನು ಎಣಿಸಿ, ಎಲ್ಲಕ್ಕಿಂತ ಮೊದಲು ಇದನ್ನು ಬಿಡಿ ಎಂದರು. ಉಪ್ಪು ಇಳಿಯಿತು, ಉಪ್ಪಿನಕಾಯಿಯ ಭರಣಿ ಮೇಲಿನ ಅಟ್ಟಕ್ಕೆ ಹೋಯಿತು, ರಕ್ತದೊತ್ತಡದ ಮಾತ್ರೆ ಬದಲಾಯಿತು. ಬೆಳಗೂ ಸಂಜೆಯೂ ಒತ್ತಡ ಅಳೆದು ಬರೆದಿಡುವ ಯಂತ್ರವನ್ನು ಅಕ್ಕನೇ ಕಳಿಸಿದಳು. ಈಗ ದೊಡ್ಡಪ್ಪ ಪ್ರತಿದಿನದ ಅಂಕಿಯನ್ನು ತಮ್ಮ ದುಂಡಗಿನ ಅಕ್ಷರದಲ್ಲಿ ಬರೆಯುತ್ತಾರೆ, ದೊಡ್ಡಮ್ಮ ಅದರ ಫೋಟೋ ತೆಗೆದು ಶಾರ್ಜಾಕ್ಕೆ ಕಳಿಸುತ್ತಾರೆ. ಅರಿಶಿನದ ಹಾಲು ನಿಂತಿಲ್ಲ, ಲೋಟ ಮಾತ್ರ ಚಿಕ್ಕದಾಗಿದೆ. ಹಾಲಿಗೂ ಅರಿಶಿನಕ್ಕೂ ಎಷ್ಟೆಂಬ ಅಳತೆಯನ್ನು ಡಾಕ್ಟರರೇ ಹೇಳಿದ್ದಾರೆ. ಅರಿಶಿನದ ಕೊಂಬನ್ನು ದೊಡ್ಡಮ್ಮ ಈಗ ಊರಿನಿಂದ, ಅವರ ತಮ್ಮನ ತೋಟದಿಂದ ತರಿಸುತ್ತಾರೆ. ನೋಡಲು ಮಣ್ಣಿನ ಬಣ್ಣದ್ದು, ಹೊಳಪೇ ಇಲ್ಲ.

ಬಾಟಲಿಯನ್ನು ದೊಡ್ಡಪ್ಪ ಒಂದು ದಿನ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಇಂಗ್ಲಿಷ್ ಅವರಿಗೆ ಅಷ್ಟಾಗಿ ಬಾರದು, ಅಕ್ಷರದ ಗಾತ್ರ ಮಾತ್ರ ಕಣ್ಣಿನಲ್ಲೇ ತಿಳಿಯುತ್ತದೆ. ಎದುರಿನ ದಪ್ಪಕ್ಷರದ ಸಾಲಿನ ಮೇಲೆ ಉಗುರಿಟ್ಟು “ಇದು ಹದಿನೆಂಟು ಪಾಯಿಂಟು” ಎಂದರು. ಬಾಟಲಿ ತಿರುಗಿಸಿ, ಇದು ಯಾವುದೇ ರೋಗವನ್ನು ಗುಣಪಡಿಸಲು ಅಲ್ಲ ಎಂದು ಅಂಚಿನಲ್ಲಿ ಬರೆದಿದ್ದ ಸಾಲನ್ನು ತೋರಿಸಿ, “ಇದು ಆರು ಪಾಯಿಂಟು. ಎಂತ ಬರೆದದ್ದು ಮಾರಾಯ ಇಲ್ಲಿ?” ಎಂದು ಕೇಳಿದರು. ಓದಿ ಹೇಳಿದೆ. “ಹಾಗೆಯೇ ಇರಬೇಕು. ಆರು ಪಾಯಿಂಟಿನಲ್ಲಿ ಕಟ್ಟಲು ಕೊಟ್ಟರೆ ಅದು ಯಾರೂ ಓದಬಾರದು ಎಂದೇ ಲೆಕ್ಕ. ನಾವು ಚೀಟಿಫಂಡಿನವರ ಕರಾರು ಎಷ್ಟು ಕಟ್ಟಿಲ್ಲ!” ಎಂದು ನಕ್ಕರು.

ಆಮೇಲೆ, ಎಲುಬಿನೊಳಗೆ ಸೀಸ ಕೂತಿರುತ್ತದೆ ಎಂದು ನಾನು ಹೇಳಿದ್ದು ನೆನಪಾಗಿರಬೇಕು. ಕೈಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಂಡು, ಇನ್ನೂ ಎಷ್ಟಿದ್ದೀತು ಎಂದು ಕೇಳಿದರು. ಬಹಳವಿಲ್ಲ ದೊಡ್ಡಪ್ಪ, ಎಲ್ಲ ಸೇರಿಸಿದರೂ ನಿಮ್ಮ ಒಂದು ಮೊಳೆಯ ತೂಕ ಆಗಲಿಕ್ಕಿಲ್ಲ ಎಂದೆ.

“ಒಂದು ಮೊಳೆಯೂ ಇಲ್ಲವಾ?” ಎಂದರು, ಸ್ವಲ್ಪ ನಿರಾಸೆಯಿಂದಲೇ. ದೊಡ್ಡಮ್ಮ ಒಳಗಿನಿಂದ ಮಾತ್ರೆಯ ಹೊತ್ತಾಯಿತು ಎಂದು ಕರೆದರು.